ನಾಲ್ಕು ಬೆರಳು ಮೇಲೇರಿದ ಬೆಳಕು

ತುಂಬು ಬಸುರಿ ಮೊಮ್ಮಗಳು ಮನಿಷಾಳನ್ನು ಔರಾದಿನಿಂದ ಅಂದೇ ಬೀದರಿನ ಆಸ್ಪತ್ರೆಗೆ ಕರೆತರಬೇಕಿತ್ತು. ನಮ್ಮ ಹಳೆಯ ಜೀಪಿನ ದೀಪ ತೀರ ಮಂದ. ಹಾಗಾಗಿ ಮಗ ಗೋರಖನಾಥ ನೌಬಾದದ ಮುರ್ತುಜಾನ ಗ್ಯಾರೇಜಿನಲ್ಲಿ ಹೊಸ ಎಲ್‌ಇಡಿ ಹೆಡ್‌ಲೈಟ್ ಹಾಕಿಸಿದ.

ಮುಸ್ಸಂಜೆಯಾಗಿತ್ತು. ಮುರ್ತುಜಾ ನನಗೊಂದು ಕುರ್ಚಿ ಒರೆಸಿ ಕೊಟ್ಟು, ಎದುರಿನ ಗೋಡೆಗೆ ಸೀಮೆಸುಣ್ಣದ ಗೆರೆ ಎಳೆದು, ಬೆಳಕನ್ನು ಅದಕ್ಕೆ ಹೊಂದಿಸಿದ. ಅಷ್ಟರಲ್ಲಿ ಜೀಪಿನ ಹಿಂಭಾಗ ಕಿರ್ರೆಂದು ತಗ್ಗಿತು. ಬೆಳಕು ಗೆರೆಯಿಂದ ನಾಲ್ಕು ಬೆರಳು ಮೇಲೇರಿತು.

“ಹಿಂದ ಯಾರ್ ಕುಂತಾರ‍್ರಿ ಅಮ್ಮಾ? ಇಳೀಲಿಕ್ಕ ಹೇಳ್ರಿ. ಭಾರ ಬಿದ್ರ ಲೈಟ್ ಮ್ಯಾಲ ಹೊಡೀತದ.”

“ಯಾರೂ ಇಲ್ಲಪ್ಪಾ,” ಎಂದೆ.

“ನಿನ್ನ ಗ್ಯಾರೇಜಿನ ನೆಲಾನೇ ಸೊಟ್ಟ ಅದ,” ಎಂದು ನನ್ನ ಪಕ್ಕ ನಿಂತಿದ್ದ ಗೋರಖನಾಥ ನಕ್ಕ.

ಮುರ್ತುಜಾ ನಗಲಿಲ್ಲ. ಒಳಗೆ ಬಗ್ಗಿ, ಖಾಲಿ ಸೀಟಿನ ಮೇಲೆ ಕೈಯಿಟ್ಟು, ಥಟ್ಟನೆ ತೆಗೆದ. “ಬೆಚ್ಚಗದ,” ಎಂದ. ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ ಹೇಳಿದ: “ಹೊತ್ತಾಗ್ಯದ್ರಿ ಅಮ್ಮಾ. ಲೈಟ್ ಇದೇ ಭಾರಕ್ಕ ಹೊಂದಿಸಿ ಕೊಡ್ತೇನಿ.” ಬೆಳಕನ್ನು ಮತ್ತೆ ಗೆರೆಗೆ ಇಳಿಸಿದ.

ಜನವಾಡ ದಾಟಿ ಔರಾದ್ ಮುಟ್ಟುವವರೆಗೂ ಬೆಳಕು ರಸ್ತೆಯ ಮೇಲೆ ನೆಟ್ಟಗಿತ್ತು. ನಾನು ಒಮ್ಮೆಯೂ ಹಿಂದೆ ತಿರುಗಲಿಲ್ಲ.

ಅಲ್ಲಿ ಮನಿಷಾ ಹತ್ತಿ ಹಿಂದಿನ ಸೀಟಿನಲ್ಲಿ ಒರಗಿದಳು. ಇನ್ನು ಭಾರ ಹೆಚ್ಚಿ ಬೆಳಕು ಎದುರಿನ ಗಾಡಿಯವರ ಕಣ್ಣಿಗೆ ಹೊಡೆಯುತ್ತದೆ, ಏನು ಅನಾಹುತವೋ ಎಂದು ನಾನು ಮುಂದಿನ ರಸ್ತೆಯನ್ನೇ ದಿಟ್ಟಿಸಿದೆ. ಬೆಳಕು ಕದಲಲಿಲ್ಲ. ಬಸುರಿಗೆ ಯಾರೋ ಎದ್ದು ಜಾಗ ಬಿಟ್ಟುಕೊಟ್ಟಂತಿತ್ತು.

ಆಸ್ಪತ್ರೆಯ ಗೋಡೆಯೆದುರು ಜೀಪು ನಿಂತಿತು. ಮನಿಷಾಳನ್ನು ನರ್ಸಮ್ಮ ಕೈಹಿಡಿದು ಇಳಿಸಿಕೊಂಡಳು. ಸೀಟು ಖಾಲಿಯಾಯಿತು. ಗೋಡೆಯ ಮೇಲಿನ ಬೆಳಕು ನಾಲ್ಕು ಬೆರಳು ಕೆಳಗೆ ಬರಬೇಕಿತ್ತು.

ಬರಲಿಲ್ಲ.