ರಣಹದ್ದು ಕೈಯೂರಿ ಬೀಳುವುದಿಲ್ಲ

ಕೈಕೋಳ ಮುಚ್ಚಲಿಲ್ಲ.

ರೆಮೆಡಿಯೊಸ್ ಎರಡೂ ಕೈಯಿಂದ ಅದುಮಿದಳು. ಮೊಣಕಾಲಿಗೆ ಒತ್ತಿಟ್ಟು ಅದುಮಿದಳು. ಊಹೂಂ... ಆ ಮನುಷ್ಯನ ಮಣಿಕಟ್ಟೇ ಅವಳ ತೋಳಿನಷ್ಟು ದಪ್ಪವಿತ್ತು.

"ಹಗ್ಗ ಇದ್ರೆ ತಗೊಂಡು ಬನ್ನಿ ಮೇಡಂ, ನಾನು ಇಲ್ಲೇ ಇರ್ತೀನಿ," ಎಂದಿತು ಕಪ್ಪು ಮುಖವಾಡದೊಳಗಿನ ದನಿ.

"ಬಾಯ್ಮುಚ್ಚು."

"ಆಯ್ತು."

ನಮ್ಮ ಪ್ವೆಬ್ಲಾ ಊರಿನ ಮಾರುಕಟ್ಟೆಯ ಹೂವಿನ ಸಾಲು ಪೂರ್ತಿ ಬುಟ್ಟಿ ಬಿಟ್ಟು ಎದ್ದು ಬಂದು ಈ ತಮಾಷೆ ನೋಡುತ್ತಿತ್ತು. ನೋಡದೆ ಇರುತ್ತಾರೆಯೇ? ಸಿಕ್ಕಿಬಿದ್ದವನು ಕರಿ ರಣಹದ್ದು. ಮುಖವಾಡ ತೊಟ್ಟು ಆಡುವ ನಮ್ಮೂರ ಕುಸ್ತಿ ಅಖಾಡಕ್ಕೆ ಹನ್ನೊಂದು ವರ್ಷದಿಂದ ಖಳನಾಯಕ. ಎದುರಾಳಿಯ ಕಣ್ಣಿಗೆ ಉಪ್ಪು ಎರಚುವವನು, ರೆಫರಿಯ ಬೆನ್ನ ಹಿಂದೆ ಕುರ್ಚಿ ಬೀಸುವವನು. ಪ್ರತಿ ಭಾನುವಾರ ಇಡೀ ಊರು ಅಖಾಡಕ್ಕೆ ಹೋಗಿ, ಅವನಿಗೆ ಬಾಯ್ತುಂಬ ಬೈದು, ಮನಸ್ಸು ಹಗುರ ಮಾಡಿಕೊಂಡು ಮನೆಗೆ ಬರುತ್ತದೆ.

ಆ ಶುಕ್ರವಾರ ಬೆಳಿಗ್ಗೆ ನಡೆದದ್ದು ಇಷ್ಟು. ಸೋಮವಾರ ಕಾಂದೆಲಾರಿಯಾ ಹಬ್ಬ. ಅವತ್ತು ಮನೆಮನೆಯ ಬಾಲ ಯೇಸುವಿನ ಮೂರ್ತಿ ಹೊಸ ಬಟ್ಟೆ ತೊಟ್ಟು ಚರ್ಚಿಗೆ ಹೋಗಬೇಕು. ಕ್ಲೆಮೆನ್ಸಿಯಾ ಅಜ್ಜಿ ತನ್ನ ಮನೆಯ ಹಳೆಯ ಮೂರ್ತಿಯನ್ನು ಬಣ್ಣ ಬಳಿಸಲು ಬೊಂಬೆ ರಿಪೇರಿಯ ಸೆವೆರೊನ ಅಂಗಡಿಗೆ ಕೊಟ್ಟಿದ್ದಳು. ವಾಪಸು ತರಲು ಹೋದಾಗ, ಸೆವೆರೊ ಬಟ್ಟೆ ತರುತ್ತೇನೆಂದು ಒಳಗೆ ಹೋದ. ಆ ಹೊತ್ತಿಗೆ ರಣಹದ್ದಿನ ಮುಖವಾಡ ತೊಟ್ಟವನೊಬ್ಬ ನುಗ್ಗಿ, ಮೇಜಿನ ಮೇಲೆ ಸುತ್ತಿಟ್ಟಿದ್ದ ಮೂರ್ತಿಯನ್ನು ಎತ್ತಿಕೊಂಡು ಓಡಿದ.

ಗಸ್ತಿನಲ್ಲಿದ್ದ ಪೊಲೀಸ್ ರೆಮೆಡಿಯೊಸ್ ಅವನನ್ನು ಅಟ್ಟಿಸಿಕೊಂಡು ಹೋದಳು. ಮೆಟ್ಟಿಲ ಬಳಿ ಕಳ್ಳ ಮುಗ್ಗರಿಸಿ ಬಿದ್ದ, ಎದ್ದ, ತಿರುವಿನಲ್ಲಿ ಮಾಯವಾದ. ಅವಳು ತಿರುವು ದಾಟಿದರೆ ಎದುರಿಗೇ ಅದೇ ಮುಖವಾಡ... ಭಾನುವಾರದ ಪಂದ್ಯದ ಪೋಸ್ಟರಿಗೆ ಸಹಿ ಹಾಕುತ್ತ ನಿಂತಿತ್ತು. ಕೈಯಲ್ಲಿ ಮೂರ್ತಿ ಮಾತ್ರ ಇರಲಿಲ್ಲ.

"ನಾನಲ್ಲ ಮೇಡಂ. ನಾನು ಆಗ್ಲಿಂದ ಇಲ್ಲೇ ಇದ್ದೀನಿ. ಬೇಕಾದ್ರೆ ಇವರನ್ನ ಕೇಳಿ."

ಜನ ಮುಖ ಮುಖ ನೋಡಿಕೊಂಡರು. ಖಳನಾಯಕನ ಪರವಾಗಿ ಸಾಕ್ಷಿ ಹೇಳಲು ಯಾರಿಗೂ ನಾಲಿಗೆ ಹೊರಳಲಿಲ್ಲ.

*

ಠಾಣೆಯಲ್ಲಿ ರೆಮೆಡಿಯೊಸ್ ಮುಖವಾಡದ ಹಿಂದಿನ ಲಾಡಿಗೆ ಕೈ ಹಾಕಿದ್ದೇ ತಡ, ಠಾಣಾಧಿಕಾರಿ ಬಾಲ್ತಸಾರ್ ಕುರ್ಚಿಯಿಂದ ಹಾರಿ ಬಂದರು.

"ಕೈ ತೆಗಿ ರೆಮೆ. ನನ್ನ ಠಾಣೆಲಿ ಯಾರ ಮುಖವಾಡನೂ ಬಿಚ್ಚಲ್ಲ."

"ಸಾರ್, ಆರೋಪಿ ಗುರುತು ಬೇಡ್ವಾ?"

"ಗುರುತು ಗೊತ್ತಲ್ಲಮ್ಮ. ರಣಹದ್ದು."

"ಅದು ಹೆಸರಾ ಸಾರ್? ನಿಜವಾದ ಹೆಸರು?"

"ಅದು ಕುಸ್ತಿ ಮಂಡಳಿ ಹತ್ರ ಮೊಹರು ಹಾಕಿರೋ ಲಕೋಟೆಲಿದೆ. ಅಲ್ಲೇ ತಣ್ಣಗಿರ್ಲಿ."

ಮೂವತ್ತು ವರ್ಷದಿಂದ ಒಂದು ಭಾನುವಾರವೂ ಅಖಾಡ ತಪ್ಪಿಸದ ಮನುಷ್ಯ ಅವರು. ಆದರೂ ದೂರು ದೂರೇ. ಕೊನೆಗೆ ತಲೆ ಕೆರೆದುಕೊಂಡು ತೀರ್ಪು ಕೊಟ್ಟರು. ಭಾನುವಾರ ಮಧ್ಯಾಹ್ನ ಹನ್ನೆರಡರೊಳಗೆ ಬೇರೆ ಕಳ್ಳ ಸಿಗಬೇಕು. ಸಿಗದಿದ್ದರೆ ಪಂದ್ಯಕ್ಕೆ ಮುಂಚೆ ರಣಹದ್ದಿನ ಮುಖವಾಡ ಕಳಚಬೇಕು, ಕೇಸು ಬೀಳಬೇಕು. ಕಣ್ಣಾರೆ ಕಂಡವಳು ರೆಮೆಡಿಯೊಸ್, ಆದ್ದರಿಂದ ಆದೇಶಕ್ಕೆ ಸಹಿಯೂ ಅವಳದೇ.

"ಅಲ್ಲೀವರೆಗೂ ಇವನು ನಿನ್ನ ಕಣ್ಣ ಮುಂದೆ ಇರ್ಲಿ. ಇಬ್ರೂ ಸೇರಿ ಹುಡುಕಿ."

"ಇವನ ಜೊತೆನಾ?"

"ಇವರ ಜೊತೆನಾ?" ಎಂದಿತು ಮುಖವಾಡವೂ.

ಪೊಲೀಸ್ ಕಾರಿನಲ್ಲಿ ಅವನು ಕೂತರೆ ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು, ಕಾರು ಅವನ ಕಡೆಗೆ ವಾಲುತ್ತಿತ್ತು. ರೆಮೆಡಿಯೊಸ್ ಸ್ಟೇರಿಂಗ್ ಬಿಗಿಯಾಗಿ ಹಿಡಿದು ಕೇಳಿದಳು.

"ಬಿಚ್ಚಿ ತೋರಿಸಿಬಿಟ್ರೆ ಏನು ಗಂಟು ಹೋಗುತ್ತೆ?"

ಅವನು ಮುಖವಾಡದ ಲಾಡಿಯನ್ನು ಇನ್ನಷ್ಟು ಬಿಗಿದುಕೊಂಡ.

"ಅಖಾಡದಲ್ಲಿ ಪಣಕ್ಕಿಟ್ಟು ಸೋತು ಕಳ್ಕೊಂಡ್ರೆ ಅದಕ್ಕೊಂದು ಮರ್ಯಾದೆ ಇದೆ ಮೇಡಂ. ಕಳ್ಳ ಅಂತ ಬಿಚ್ಚಿಸಿದ್ರೆ... ಆಮೇಲೆ ಯಾವ ಮುಖ ಇಟ್ಕೊಂಡು ಅಲ್ಲಿ ನಿಲ್ಲಲಿ? ನನಗೆ ಬೇರೆ ಕಸುಬು ಬರಲ್ಲ."

ಪಾಪ ಅನ್ನಿಸಿತು ಅವಳಿಗೆ. ಕಳ್ಳನನ್ನು ಕಂಡು ಪಾಪ ಅನ್ನಿಸಬಾರದು ಎಂದು ತನ್ನನ್ನೇ ಗದರಿಕೊಂಡಳು.

*

ಶನಿವಾರ ಅವನನ್ನು ಕರೆದುಕೊಂಡು ತನಿಖೆಗೆ ಹೊರಟದ್ದು... ಅಯ್ಯೋ, ಆ ಪಾಡು ಯಾರಿಗೂ ಬೇಡ. ಎಲ್ಲಿ ಹೋದರೂ ಮೆರವಣಿಗೆ. ಒಬ್ಬ ಮುದುಕಿ ಬಂದವಳೇ ತರಕಾರಿ ಚೀಲದಿಂದ ಅವನ ಬೆನ್ನಿಗೆ ಬಾರಿಸಿದಳು.

"ಬಾಲ ಯೇಸುನೇ ಕದೀತೀಯೇನೋ ಪಾಪಿ!"

ರಣಹದ್ದು ಮುಷ್ಟಿ ಎತ್ತಿ ಗರ್ಜಿಸಿತು. ಆಮೇಲೆ ಬಗ್ಗಿ, ಅವಳಿಗಷ್ಟೇ ಕೇಳುವ ಹಾಗೆ, "ಅಜ್ಜಿ, ಇನ್ನೊಂದು ಬಿಡಿ, ಜನ ನೋಡ್ತಿದ್ದಾರೆ," ಎಂದಿತು. ಅಜ್ಜಿ ಖುಷಿಯಿಂದ ಇನ್ನೂ ಎರಡು ಬಿಟ್ಟಳು. ತಿರುವು ದಾಟಿದ ಮೇಲೆ ಅದೇ ಚೀಲವನ್ನು ಅವನೇ ಹೊತ್ತು ಬಸ್ಸಿಗೆ ಏರಿಸಿದ. ರೆಮೆಡಿಯೊಸ್ ನೋಡಿಯೂ ನೋಡದ ಹಾಗೆ ನಿಂತಳು.

ಸೆವೆರೊನ ಅಂಗಡಿಯಲ್ಲೂ ಏನೂ ಸಿಗಲಿಲ್ಲ. ಸೆವೆರೊ ಒಳ್ಳೆ ಮೈಕಟ್ಟಿನ, ಅಳುಮೋರೆಯ ಮನುಷ್ಯ. ಬಲಗೈಗೆ ಬಟ್ಟೆ ಸುತ್ತಿಕೊಂಡಿದ್ದ. ಬಿಸಿ ಅಂಟು ಚೆಲ್ಲಿತಂತೆ.

"ನಾನು ಒಳಗಿದ್ದೆ, ಏನೂ ನೋಡ್ಲಿಲ್ಲ," ಎಂದ. ಅಷ್ಟೇ.

ಮಧ್ಯಾಹ್ನದ ಹೊತ್ತಿಗೆ ಕಿತ್ತಳೆ ಮಂಡಿಯಲ್ಲಿ ರಣಹದ್ದಿನ ಮುಖವಾಡ ತೊಟ್ಟ ಒಬ್ಬ ಕಂಡ. ಇವರನ್ನು ನೋಡಿದ್ದೇ ಓಟ ಕಿತ್ತ.

"ಅವನೇ!"

ಇಬ್ಬರೂ ಬೆನ್ನಟ್ಟಿದರು. ಓಡುತ್ತಿದ್ದವನು ಒಂದು ಪೆಟ್ಟಿಗೆ ಕಿತ್ತಳೆ ಉರುಳಿಸಿದ. ರೆಮೆಡಿಯೊಸ್ ಕಾಲು ಜಾರಿ ಸಾಮಾನು ಇಳಿಸುವ ಕಟ್ಟೆಯಿಂದ ಕೆಳಗೆ... ನೆಲ ಮುಟ್ಟಲಿಲ್ಲ. ಅದು ಹೇಗೆ ಬಂತೋ, ರಣಹದ್ದು ಕೆಳಗಿತ್ತು, ಅವಳು ಅವನ ಎದೆಯ ಮೇಲಿದ್ದಳು. ಸುತ್ತ ಕಿತ್ತಳೆ ಉರುಳುತ್ತಿದ್ದವು.

ಆಗ ಅವನು ಅವಳ ಕೈ ಹಿಡಿದು ಮೆಲ್ಲಗೆ ಒಮ್ಮೆ ಹಿಸುಕಿದ.

ಅವಳ ಎದೆ ಧಸಕ್ಕೆಂದಿತು. ಏನಿದು... ಇಷ್ಟು ಜನರ ಮುಂದೆ? ಕೈ ಕಿತ್ತುಕೊಳ್ಳಬೇಕು ಅಂದುಕೊಂಡಳು. ಆದರೆ ಆ ಕೈ ಅವನ ಕೈಯನ್ನು ಒಮ್ಮೆ ಹಿಸುಕಿತು. ಅವಳನ್ನು ಕೇಳಲೇ ಇಲ್ಲ.

ಓಡಿದವನು ಕಿತ್ತಳೆ ವ್ಯಾಪಾರಿ. ಭಾನುವಾರಕ್ಕೆಂದು ಮುಖವಾಡ ಕೊಂಡಿದ್ದನಂತೆ. ಹಿಂದಿನ ವಾರ ರಣಹದ್ದಿಗೆ ಚಪ್ಪಲಿ ಎಸೆದಿದ್ದೆ, ಹೊಡೆಯಲು ಬಂದ ಅಂದುಕೊಂಡೆ ಎಂದ.

ಊಟಕ್ಕೆ ಕೂತಾಗ ಅವನು ಮುಖವಾಡವನ್ನು ಮೂಗಿನವರೆಗೆ ಸರಿಸಿ, ಹುರುಳಿ ಸವರಿದ ಐದನೇ ಮೆಮೆಲಾ ರೊಟ್ಟಿ ತಿನ್ನುತ್ತಿದ್ದ. ರೆಮೆಡಿಯೊಸ್ ತಟ್ಟೆ ನೋಡಿಕೊಂಡೇ ಕೇಳಿದಳು.

"ಆಗ... ಕೈ ಯಾಕೆ ಹಿಡಿದ್ರಿ?"

ನೀನು ಹೋಗಿ ನೀವು ಆಗಿತ್ತು. ಅದನ್ನು ಅವಳೂ ಗಮನಿಸಲಿಲ್ಲ.

"ಅದಾ? ಅದು ನಮ್ಮ ಕಸುಬಿನ ರೂಢಿ ಮೇಡಂ. ಎತ್ತಿ ಒಗೆದ ಮೇಲೆ ಎದುರಾಳಿ ಕೈ ಒಂದ್ಸಲ ಹಿಸುಕ್ತೀವಿ. ಪೆಟ್ಟಾಯ್ತಾ ಅಂತ. ಅವನೂ ಹಿಸುಕಿದ್ರೆ ಏನೂ ಆಗಿಲ್ಲ, ಆಟ ಮುಂದುವರಿಸು ಅಂತ."

"ಎಲ್ಲರಿಗೂ?"

"ಎಲ್ಲರಿಗೂ."

ಅವಳ ಕಿವಿ ಕೆಂಪಾಯಿತು. 'ಅಯ್ಯೋ ಪೆದ್ದಿ, ಏನೇನು ಅಂದುಕೊಂಡೆಯೇ ನೀನು...'

ಹಿಸುಕಿದ ಮೇಲೆ ಕೈ ಬಿಡಬೇಕಿತ್ತು, ಬಿಡಲು ಮನಸ್ಸಾಗಲಿಲ್ಲ ಎನ್ನುವುದನ್ನೂ ಆ ಪುಣ್ಯಾತ್ಮ ಹೇಳಬಹುದಿತ್ತು. ಮಾತು ಗಂಟಲಿನವರೆಗೆ ಬಂದೂ ಇತ್ತು. ಅದನ್ನು ಮೆಮೆಲಾ ಜೊತೆ ನುಂಗಿಬಿಟ್ಟ. ಇಂಥವರಿಗೆ ಏನನ್ನೋಣ ಹೇಳಿ?

ಅವಳು ಎದ್ದು ನಿಂತಳು. "ನಾಳೆ ಹತ್ತು ಗಂಟೆಗೆ ಮಾರುಕಟ್ಟೆ ಮೆಟ್ಟಿಲ ಹತ್ರ ಬಾ. ತಡ ಮಾಡ್ಬೇಡ."

ನೀವು ಮತ್ತೆ ನೀನು ಆಗಿತ್ತು.

*

ಭಾನುವಾರ. ಹತ್ತೂವರೆ ಆದರೂ ಕಳ್ಳನ ಸುಳಿವಿಲ್ಲ. ರೆಮೆಡಿಯೊಸ್ ಜೇಬಿನಲ್ಲಿ ಮುಖವಾಡ ಕಳಚುವ ಆದೇಶವಿತ್ತು. ಸಹಿ ಒಂದು ಬಾಕಿ.

ಅವನು ಮೆಟ್ಟಿಲ ಮೇಲೆ ಕೂತು, ಕೈಯನ್ನು ತಲೆಯ ಹಿಂದಿನ ಲಾಡಿಯ ಮೇಲಿಟ್ಟ.

"ನಿಮಗೊಬ್ಬರಿಗೇ ತೋರಿಸ್ಲಾ? ಜನರ ಮುಂದೆ ಬಿಚ್ಚಿಸೋದಕ್ಕಿಂತ ಅದು ವಾಸಿ."

"ಬೇಡ."

"ನಂಬಿಕೆ ಆಗುತ್ತೆ ನಿಮಗೆ."

"ಬೇಡ ಅಂದ್ನಲ್ಲ!" ಎಂದು ಗದರಿದಳು. "ಕಳ್ಳನ ಮುಖ ನಾನು ನೋಡೇ ಇಲ್ಲ. ನಿಮ್ಮ ಮುಖ ನೋಡಿ ಏನು ಮಾಡ್ಲಿ? ನಾನು ನೋಡಿದ್ದು ಅವನು ಇಲ್ಲಿ ಬಿದ್ದಿದ್ದು ಒಂದೇ."

ಅವನ ಕೈ ಲಾಡಿಯಿಂದ ಕೆಳಗಿಳಿಯಿತು. "ಬಿದ್ನಾ? ಹೇಗೆ ಬಿದ್ದ?"

"ಮುಂದಕ್ಕೆ. ಒಂದು ಕೈಲಿ ಮೂರ್ತಿ ಅವುಚ್ಕೊಂಡು, ಇನ್ನೊಂದು ಕೈ ನೆಲಕ್ಕೂರಿ."

"ಕೈಯೂರಿ? ಮೇಡಂ, ಇದನ್ನ ಎರಡು ದಿನದ ಹಿಂದೆನೇ ಹೇಳೋದಲ್ವಾ?" ಎಂದು ಎದ್ದು ನಿಂತ. "ನನ್ನ ತಳ್ಳಿ."

"ಏನು?"

"ತಳ್ಳಿ ಅಂದೆ."

ಹಿಂದಿನ ದಿನದ ಸಿಟ್ಟೆಲ್ಲ ಸೇರಿಸಿ ತಳ್ಳಿದಳು. ಅವನು ಗದ್ದ ಎದೆಗೆ ಒತ್ತಿಕೊಂಡು, ಎರಡೂ ತೋಳು ನೆಲಕ್ಕೆ ಬಡಿದು, ಅಂಗಾತ ಬಿದ್ದ. ಸೇವಂತಿಗೆ ರಾಶಿ ಚಪ್ಪಟೆಯಾಯಿತು. ಹೂವಿನವಳು ಬೈಯತೊಡಗಿದಳು.

"ಕೈಯೂರಿದ್ರೆ ಮಣಿಕಟ್ಟು ಮುರಿಯುತ್ತೆ. ಮೊದಲ ವರ್ಷ ಪೂರ್ತಿ ನಮಗೆ ಬೀಳೋದನ್ನೇ ಕಲಿಸ್ತಾರೆ. ಈಗ ನಿದ್ದೇಲಿ ಮಂಚದಿಂದ ಬಿದ್ರೂ ಬೆನ್ನ ಮೇಲೇ ಬೀಳೋದು."

"ಕಳ್ಳ ಬಿದ್ದಿದ್ದು ಮುಂದಕ್ಕೆ."

"ಮುಂದಕ್ಕಾದ್ರೂ ಅಷ್ಟೇ..."

ಅವನು ಹೂವು ಕೊಡವಲು ತಿರುಗಿದ. ರೆಮೆಡಿಯೊಸ್ ಹೇಳದೆ ಕೇಳದೆ ಹಿಂದಿನಿಂದ ನೂಕಿದಳು. ಆ ಬೆಟ್ಟದಂಥ ಮನುಷ್ಯ ಗಾಳಿಯಲ್ಲೇ ಭುಜ ಒಳಗೆಳೆದು, ಒಂದು ಲಾಗ ಹೊಡೆದು, ಮತ್ತೆ ಅಂಗಾತ ಬಿದ್ದ. ಅಂಗೈ ನೆಲಕ್ಕೆ ಊರಲೇ ಇಲ್ಲ.

ಅವಳಿಗೆ ಕಣ್ಣು ತುಂಬಿ ಬಂತು. ಇವನಲ್ಲ. ದೇವರೇ, ಇವನಲ್ಲ! ಎರಡು ದಿನದಿಂದ ಎದೆ ಅದನ್ನೇ ಹೇಳುತ್ತಿತ್ತು. ಈಗ ಅವಳ ಕಣ್ಣೂ ನೋಡಿತ್ತು.

"ಹಾಗಾದ್ರೆ ಆ ಕಳ್ಳನ ಅಂಗೈ ತರಚಿರ್ಬೇಕು..." ಎಂದಳು.

ಅವನು ಮಲಗಿದ್ದಲ್ಲಿಂದಲೇ ತಲೆ ಎತ್ತಿದ. "ಬಿಸಿ ಅಂಟು ಚೆಲ್ಲಿತು ಅಂದ್ನಲ್ಲ..."

"ಸೆವೆರೊ!" ಇಬ್ಬರೂ ಒಟ್ಟಿಗೇ ಅಂದರು.

ಅಂಗಡಿಯ ಬಾಗಿಲಲ್ಲಿ ಇಬ್ಬರೂ ಏದುಸಿರು ಬಿಡುತ್ತ ನಿಂತದ್ದನ್ನು ಕಂಡು ಸೆವೆರೊ ಮಂಡಿಯೂರಿ ಅಳತೊಡಗಿದ. ಬಟ್ಟೆ ಬಿಚ್ಚಿದರೆ ಅಂಗೈ ತುಂಬ ಗೀರು. ಕಪಾಟಿನಲ್ಲಿ ಮಡಿ ಬಟ್ಟೆಯ ಮೇಲೆ ಬಾಲ ಯೇಸು ಮಲಗಿದ್ದ, ಮೂಗು ಮುರಿದಿತ್ತು.

"ಬಣ್ಣ ಹಚ್ಚುವಾಗ ಕೈ ಜಾರ್ತು ಮೇಡಂ. ಅಜ್ಜಿ ನಾಲ್ಕು ತಲೆಮಾರಿಂದ ಪೂಜೆ ಮಾಡ್ತಿರೋ ಮೂರ್ತಿ... ಮೂಗು ಮುರಿದೆ ಅಂತ ಯಾವ ಬಾಯಿಂದ ಹೇಳ್ಲಿ? ಕಳುವಾಯ್ತು ಅಂದ್ರೆ ಅಜ್ಜಿ ಕಳ್ಳನಿಗೆ ಶಾಪ ಹಾಕ್ತಾಳೆ, ನನಗಲ್ಲ ಅಂತ ಹಿಂಬಾಗಿಲಿಂದ ಸುತ್ತಿ ಬಂದು ನಾನೇ ಎತ್ಕೊಂಡು ಓಡಿದೆ..."

"ಅದಕ್ಕೆ ನನ್ನ ಮುಖವಾಡನೇ ಬೇಕಿತ್ತಾ?"

"ನಿಮ್ಮನ್ನ ಹೇಗಿದ್ರೂ ಎಲ್ಲರೂ ಬೈತಾರಲ್ಲ ಸ್ವಾಮಿ. ಇನ್ನೊಂದು ಬೈಗುಳ ಹೆಚ್ಚಾಗಲ್ಲ ಅಂದ್ಕೊಂಡೆ."

ಕ್ಲೆಮೆನ್ಸಿಯಾ ಅಜ್ಜಿಯನ್ನು ಕರೆಸಿದರು. ಅಜ್ಜಿ ಮೂರ್ತಿಯನ್ನು ಎತ್ತಿಕೊಂಡು, ಮೂಗಿದ್ದ ಜಾಗವನ್ನು ಬೆರಳಿಂದ ಸವರಿ, ಸೆವೆರೊನನ್ನು ದಿಟ್ಟಿಸಿದಳು.

"ಈ ಮೂಗಾ? ನಾನು ಏಳು ವರ್ಷದವಳಿದ್ದಾಗ ಬೀಳಿಸಿ ಮುರಿದಿದ್ದೆ ಕಣೋ. ನಮ್ಮಮ್ಮನಿಗೆ ಗೊತ್ತಾಗ್ದಿರ್ಲಿ ಅಂತ ಹಿಟ್ಟು ಕಲಸಿ ಅಂಟಿಸಿದ್ದೆ. ನೀನು ಬಾಯಿಬಿಟ್ಟು ಹೇಳಿದ್ರೆ ಆಗ್ತಿರ್ಲಿಲ್ವಾ?"

ಅಜ್ಜಿ ಅಲ್ಲೇ ದೂರು ವಾಪಸು ತೆಗೆದುಕೊಂಡಳು. ಹನ್ನೆರಡಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು. ರೆಮೆಡಿಯೊಸ್ ಆದೇಶವನ್ನು ಹರಿದು ಹಾಕಿದಳು. ಎರಡು ದಿನದಿಂದ ಬಿಗಿಹಿಡಿದಿದ್ದ ಉಸಿರು ಆಗ ಹೊರಗೆ ಬಂತು. ಮುಖವಾಡದೊಳಗಿಂದಲೂ ಒಂದು ನಿಟ್ಟುಸಿರು ಕೇಳಿಸಿತು.

*

ಅವತ್ತಿನ ಪಂದ್ಯದಲ್ಲಿ ರಣಹದ್ದು ಗೆದ್ದಿತು. ಉಪ್ಪು ಎರಚಿಯೇ ಗೆದ್ದಿತು, ಸುಳ್ಳೇಕೆ ಹೇಳಲಿ. ಇಡೀ ಅಖಾಡ ಎದ್ದು ನಿಂತು ಬೈಯಿತು. ಎಲ್ಲರಿಗಿಂತ ಜೋರಾಗಿ ಬೈದವರು ಬಾಲ್ತಸಾರ್ ಸಾಹೇಬರು.

ಜನ ಖಾಲಿಯಾದ ಮೇಲೆ ರೆಮೆಡಿಯೊಸ್ ಹಿಂಬದಿಯ ಅಂಗಳಕ್ಕೆ ಬಂದಳು. ಅವನು ಬೆಂಚಿನ ಮೇಲೆ ಒಬ್ಬನೇ ಕೂತಿದ್ದ. ಸಂಜೆ ಬಿಸಿಲು ಇನ್ನೂ ಇತ್ತು.

"ಕ್ಷಮಿಸಿ," ಎಂದಳು. "ನಿಮ್ಮನ್ನ ಕಳ್ಳ ಅಂದೆ."

"ನಾನೂ ನಿನ್ನೆ ಒಂದು ಸುಳ್ಳು ಹೇಳಿದೆ."

"ಏನು?"

"ಎಲ್ಲರ ಕೈನೂ ಹಿಸುಕ್ತೀನಿ, ಅದು ನಿಜ. ಹಿಸುಕಿ ಬಿಟ್ಟುಬಿಡ್ತೀನಿ. ನಿಮ್ಮ ಕೈ ಬಿಡೋಕಾಗ್ಲಿಲ್ಲ. ಅದನ್ನ ಹೇಳ್ಲಿಲ್ಲ."

ರೆಮೆಡಿಯೊಸ್ ತನ್ನ ಕೈಯನ್ನೇ ನೋಡಿಕೊಂಡಳು.

ಅವನು ಎದ್ದು ಅವಳ ಮುಂದೆ ನೆಟ್ಟಗೆ ನಿಂತ. ಅಖಾಡದಲ್ಲಿ ಮುಖವಾಡ ಸೋತವನು ಎಲ್ಲರ ಮುಂದೆ ನಿಂತು ತನ್ನ ಹೆಸರು, ಊರು, ಎಷ್ಟು ವರ್ಷದ ಕಸುಬು ಎನ್ನುವುದನ್ನು ಹೇಳಬೇಕು. ಅದು ನಮ್ಮಲ್ಲಿನ ಪದ್ಧತಿ. ಸೋಲನ್ನು ಒಪ್ಪಿಕೊಳ್ಳುವ ಮಾತು ಅದೊಂದೇ.

"ನನ್ನ ಹೆಸರು ಎಲೆವುತೆರಿಯೊ ಕೊಯೊತ್ಲ್. ಊರು ಸಾನ್ ಪಾಬ್ಲೊ. ಕುಸ್ತಿಗೆ ಇಳಿದು ಹನ್ನೊಂದು ವರ್ಷ."

ಇಷ್ಟು ಹೇಳಿ, ಅವಳಿಗೆ ಬೆನ್ನು ತಿರುಗಿಸಿ, ತಲೆ ಬಗ್ಗಿಸಿದ. ಲಾಡಿಯ ಗಂಟು ಅವಳ ಕೈಗೆ ಎಟುಕುವಷ್ಟು ಬಗ್ಗಿಸಿದ.

ಅವಳು ಗಂಟು ಬಿಚ್ಚಿದಳು. ಬೆವರಿಗೆ ನೆಂದು ಬಿಗಿದುಕೊಂಡಿದ್ದರಿಂದ ತುಂಬ ಹೊತ್ತು ಹಿಡಿಯಿತು. ಅವನು ತಿರುಗಿದ. ಕೆನ್ನೆಯ ಮೇಲೆ ಹೊಲಿಗೆಯ ಗೆರೆ ಮೂಡಿತ್ತು, ಕೂದಲು ಬೆವರಿಗೆ ಅಂಟಿತ್ತು, ಕಣ್ಣಲ್ಲಿ ಒಂದಿಷ್ಟು ಹೆದರಿಕೆಯೂ ಇತ್ತು. ಅಬ್ಬಾ, ಇಷ್ಟು ಸಾಧು ಮುಖ ಇಟ್ಟುಕೊಂಡು ಇವನು ಹನ್ನೊಂದು ವರ್ಷ ಊರನ್ನೇ ಹೆದರಿಸಿದನೇ ಎಂದು ಅವಳಿಗೆ ನಗು ಬಂತು. ನಗುವಿನ ಜೊತೆ ಕಣ್ಣೀರೂ ಬಂತು.

"ಏನಾದ್ರೂ ಹೇಳಿ ಮೇಡಂ," ಎಂದ ಎಲೆವುತೆರಿಯೊ.

ಅವಳು ತಲೆಯ ಮೇಲಿನ ಪೊಲೀಸ್ ಟೋಪಿ ತೆಗೆದು ಬೆಂಚಿನ ಮೇಲಿಟ್ಟಳು. ಅವನ ಹಾಗೆಯೇ ನೆಟ್ಟಗೆ ನಿಂತಳು.

"ನನ್ನ ಹೆಸರು ರೆಮೆಡಿಯೊಸ್ ಶಿಕಾಲೆ. ಊರು ಚೊಲುಲಾ. ಪೊಲೀಸ್ ಕೆಲಸಕ್ಕೆ ಸೇರಿ ಆರು ವರ್ಷ."