ರಾಣಿಯ ಕಿರೀಟದ ತೂಕ

ಮಂಗಳವಾರ ಬೆಳಿಗ್ಗೆ ಹತ್ತು ನಲವತ್ತಕ್ಕೆ ಸಂಗ್ರಹಾಲಯದ ಮುಖ್ಯಸ್ಥೆ ಠಾಣೆಗೆ ಬಂದು, ಕುರ್ಚಿ ತೋರಿಸಿದರೂ ಕೂರದೆ, ನಿಂತೇ ದೂರು ಹೇಳಿದರು. ರಾಣಿಯ ಕಿರೀಟದ ನಡುವಿನ ನೀಲಮಣಿಯನ್ನು ಯಾರೋ ಕದ್ದು, ಆ ಜಾಗದಲ್ಲಿ ನಕಲಿ ಹರಳು ಕೂರಿಸಿದ್ದಾರೆ.

"ನಕಲಿ ಅಂತ ಹೇಗೆ ಗೊತ್ತಾಯ್ತು ಮೇಡಂ?" ಇನ್ಸ್‌ಪೆಕ್ಟರ್ ಕೇಳಿದರು.

"ಹನ್ನೊಂದು ವರ್ಷದಿಂದ ದಿನಾ ನೋಡ್ತಿದೀನಿ. ನಮ್ಮ ನೀಲ ಇಷ್ಟು ಹೊಳೆಯೋದೇ ಇಲ್ಲ."

"ಯಾರ ಮೇಲಾದ್ರೂ ಅನುಮಾನ ಇದ್ಯಾ?"

"ಕಾವಲುಗಾರನ ಮೇಲೆ. ವರ್ಷಕ್ಕೊಂದು ಸಲ ಕಿರೀಟ ತೊಳೆಸ್ತೀವಿ. ಈ ಸಲ ಶುಕ್ರವಾರ ತೆಗೆದಿದ್ವಿ. ನನಗೆ ಮೀಟಿಂಗ್ ಇತ್ತು, ಅವನೇ ಕಾಯ್ತಿದ್ದ. ಇವತ್ತು ಬೆಳಿಗ್ಗೆ ಅಮಾನತು ಮಾಡಿದೀನಿ."

"ತೊಳೆದವರು ಯಾರು?"

"ಹರಳು ಕೂರಿಸೋ ಅಮ್ಮ. ಅವರ ಅಜ್ಜನ ಕಾಲದಿಂದ್ಲೂ ಈ ಕಿರೀಟ ಮುಟ್ಟಿರೋದು ಅವರ ಮನೆಯವರೇ. ಅವರ ಸುದ್ದಿಗೆ ಹೋಗ್ಬೇಡಿ."

ಎಫ್‌ಐಆರ್ ದಾಖಲಾಯಿತು. ಕಾವಲುಗಾರ ಮೂವತ್ತನಾಲ್ಕು ವರ್ಷ ಒಂದೇ ಬಾಗಿಲಲ್ಲಿ ನಿಂತವನು. ಇನ್ನು ಹತ್ತೊಂಬತ್ತು ದಿನಕ್ಕೆ ನಿವೃತ್ತಿ. ಕಲ್ಲು ಸಿಗದಿದ್ದರೆ ಆ ಬಾಗಿಲಿನಿಂದ ಕಳ್ಳನೆನಿಸಿಕೊಂಡು ಹೊರಬೀಳುವುದು ಖಂಡಿತ.

ಇನ್ಸ್‌ಪೆಕ್ಟರ್ ಜೊತೆಗೆ ದಫೇದಾರರನ್ನು ಕರೆದುಕೊಂಡರು. ಠಾಣೆಯಲ್ಲಿ ಎಲ್ಲರೂ ಈ ದಫೇದಾರರನ್ನು ಅನುಮಾನಣ್ಣ ಎನ್ನುತ್ತಿದ್ದರು. ಗೋಡೆ ಗಡಿಯಾರ ನೋಡಿದ ಮೇಲೂ ಕೈಗಡಿಯಾರ ನೋಡಿ, ಆಮೇಲೆ ಪಕ್ಕದವರನ್ನು ಟೈಮೆಷ್ಟು ಎಂದು ಕೇಳುವ ಆಸಾಮಿ.

ಹನ್ನೊಂದೂವರೆಗೆ ಪಂಚನಾಮೆ ಶುರುವಾಯಿತು. ಗಾಜಿನ ಪೆಟ್ಟಿಗೆಯ ಬೀಗ ಒಡೆದಿರಲಿಲ್ಲ. ಕಿರೀಟವನ್ನು ಹೊರತೆಗೆದು ಕಪ್ಪು ಮಖಮಲ್ಲಿನ ಮೇಲಿಟ್ಟಾಗ ಬರೆದುಕೊಳ್ಳಬೇಕಿದ್ದ ದಫೇದಾರರ ಪೆನ್ನು ನಿಂತೇಹೋಯಿತು. ಅಂಗೈಯಗಲದ ಚಿನ್ನದ ಪಟ್ಟಿ, ಅದರ ಮೇಲೆ ಎಂಟು ಕಮಾನು, ಕಮಾನಿನ ತುಂಬ ಹರಳು. ನಡುವಿನ ನೀಲ ಮಾತ್ರ ಬೇರೆಯೇ ಲೋಕದ್ದು. ಎಷ್ಟು ಬಗ್ಗಿ ನೋಡಿದರೂ ಅದರ ತಳ ಕಾಣುತ್ತಿರಲಿಲ್ಲ. ಇಪ್ಪತ್ತಾರು ವರ್ಷದ ಕೆಲಸದಲ್ಲಿ ಹೆಣ, ರಕ್ತ, ಬೂದಿ ಎಲ್ಲ ನೋಡಿದ್ದ ಇನ್ಸ್‌ಪೆಕ್ಟರ್ ಯಾರೂ ಹೇಳದೆಯೇ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡರು.

"ರಾಜಂದು ಇದಕ್ಕಿಂತ ದೊಡ್ಡದಿತ್ತಾ?" ಇನ್ಸ್‌ಪೆಕ್ಟರ್ ಕೇಳಿದರು.

"ಎರಡರಷ್ಟು. ಅದು ಖಜಾನೆಯ ಚಿನ್ನ. ಇವಳು ಆಳೋ ರಾಣಿ ಅಲ್ಲ, ರಾಜನ ಹೆಂಡತಿ ಅಷ್ಟೇ. ಇದರಲ್ಲಿರೋ ನಲವತ್ತೊಂದು ಹರಳೂ ಅವಳ ತವರಿನವು. ನೀಲ ಅವಳಮ್ಮನ ಕೊರಳಲ್ಲಿದ್ದದ್ದು," ಎಂದರು ಮುಖ್ಯಸ್ಥೆ. ಅವರ ದನಿ ತಾನಾಗಿಯೇ ತಗ್ಗಿತ್ತು. "ಮೂರೇ ಸಲ ಇಟ್ಕೊಂಡಿದ್ದು. ಪಟ್ಟಾಭಿಷೇಕಕ್ಕೆ ಒಂದು, ಮಗನ ಮದುವೆಗೆ ಒಂದು. ಮೂರನೇದು ಊರಿಗೆ ಜ್ವರ ಬಂದಾಗ. ಆಸ್ಪತ್ರೆಗೆ ಹೋದ್ರೆ ಕೊಂದುಬಿಡ್ತಾರೆ ಅಂತ ಜನ ಬಾಗಿಲು ಹಾಕ್ಕೊಂಡಿದ್ರು. ಇವಳು ಕಿರೀಟ ಇಟ್ಕೊಂಡು ಬೀದಿ ಬೀದಿಲಿ ನಡೆದು, ಒಂದೊಂದೇ ಬಾಗಿಲು ತಟ್ಟಿ, ರೋಗಿಗಳನ್ನ ಕೈ ಹಿಡಿದು ಕರ್ಕೊಂಡು ಹೋದ್ಲು. ಒಂಬತ್ತನೇ ದಿನಕ್ಕೆ ಅದೇ ಜ್ವರದಲ್ಲಿ ಹೋದ್ಲು."

ದಫೇದಾರರು ನಲವತ್ತೊಂದು ಹರಳನ್ನೂ ಎರಡೆರಡು ಸಲ ಎಣಿಸಿ ಬರೆದುಕೊಂಡರು.

ಎರಡು ಗಂಟೆಗೆ ಕಾವಲುಗಾರನ ವಿಚಾರಣೆ ನಡೆಯಿತು. ಸಮವಸ್ತ್ರವನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ.

"ಶುಕ್ರವಾರ ಕಿರೀಟ ಬಿಟ್ಟು ಎಲ್ಲಿಗಾದ್ರೂ ಹೋಗಿದ್ಯಾ?"

"ಹೋಗಿದ್ದೆ ಸಾರ್. ಹರಳಿನ ಅಮ್ಮ ತೊಳೆಯೋಕೆ ಬಿಸಿನೀರು ಬೇಕು ಅಂದ್ರು. ಕೆಳಗೆ ಕ್ಯಾಂಟೀನ್‌ನಲ್ಲಿ ಕಾಯಿಸಿ ತರೋಕೆ ಅರ್ಧ ಗಂಟೆ ಆಯ್ತು."

"ಇದನ್ನ ಮೇಡಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಆ ಅಮ್ಮನ ಮೇಲೆ ಬರುತ್ತಲ್ಲ ಸಾರ್. ದೇವರಂಥೋರು."

ನಾಲ್ಕು ಗಂಟೆಗೆ ಬಂದ ರತ್ನ ಪರೀಕ್ಷಕರು ಕಣ್ಣಿಗೆ ಭೂತಗನ್ನಡಿ ಕಚ್ಚಿಸಿಕೊಂಡು ಇಪ್ಪತ್ತು ನಿಮಿಷ ತಲೆಯೆತ್ತಲಿಲ್ಲ. ಎತ್ತಿದಾಗ ಅವರ ಕಣ್ಣು ಒದ್ದೆಯಾಗಿತ್ತು. "ಯಾರು ಹೇಳಿದ್ದು ನಕಲಿ ಅಂತ? ಇಂಥ ನೀಲನ ನಾನು ಪುಸ್ತಕದಲ್ಲೂ ನೋಡಿಲ್ಲ."

ಮುಖ್ಯಸ್ಥೆ ಆಗ ಕುರ್ಚಿಯಲ್ಲಿ ಕುಸಿದು ಕುಳಿತರು. ಹಾಗಾದರೆ ಇಷ್ಟು ವರ್ಷ ಅವರು ಜನರಿಗೆ ತೋರಿಸಿದ್ದು ಏನನ್ನು?

ಉತ್ತರ ಸಿಕ್ಕಿದ್ದು ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ, ಅನುಮಾನಣ್ಣನ ಕೈಗೆ. ಕಿರೀಟವನ್ನು ತೊಳೆಯುವ ಮೊದಲು ಒಂದು ಸಲ, ತೊಳೆದ ಮೇಲೆ ಒಂದು ಸಲ ತೂಗಿ ರಿಜಿಸ್ಟರಿನಲ್ಲಿ ಬರೆಯುವುದು ಪದ್ಧತಿ. ಬರೆಯುವುದು ಹರಳು ಕೂರಿಸುವಾಕೆ. ಮುಖ್ಯಸ್ಥೆ ಓದದೆ ಸಹಿ ಹಾಕುವವರು.

"ನೋಡಿ ಸಾರ್. ಪ್ರತಿ ವರ್ಷ ತೊಳೆದ ಮೇಲೆ ತೂಕ ಕೂದಲೆಳೆಯಷ್ಟು ಇಳಿದಿದೆ. ಧೂಳು ಹೋಗುತ್ತಲ್ಲ. ಈ ಶುಕ್ರವಾರ ಒಂದೂ ಮುಕ್ಕಾಲು ಗ್ರಾಂ ಏರಿದೆ."

ಇನ್ಸ್‌ಪೆಕ್ಟರ್ ಪರೀಕ್ಷಕರಿಗೆ ಫೋನ್ ಮಾಡಿದರು. ಅಷ್ಟೇ ಗಾತ್ರದ ಗಾಜಿಗಿಂತ ನೀಲಮಣಿ ಭಾರವೇ? ಹೌದು, ಈ ಗಾತ್ರಕ್ಕೆ ಹೆಚ್ಚುಕಡಿಮೆ ಒಂದೂ ಮುಕ್ಕಾಲು ಗ್ರಾಂ ಜಾಸ್ತಿ.

ಹನ್ನೊಂದೂಕಾಲಿಗೆ ಇಬ್ಬರೂ ಆಕೆಯ ಮನೆ ತಲುಪಿದರು. ಬಾಡಿಗೆಯ ಎರಡು ಕೋಣೆ, ಮುಂದಿನದೇ ಕಾರ್ಖಾನೆ. ಅರವತ್ತು ದಾಟಿದ ಹೆಂಗಸು ದೀಪದ ಕೆಳಗೆ ಬಗ್ಗಿ ಯಾರದೋ ಓಲೆಗೆ ಹರಳು ಕೂರಿಸುತ್ತಿದ್ದರು. ಇನ್ಸ್‌ಪೆಕ್ಟರ್ ರಿಜಿಸ್ಟರನ್ನು ಮುಂದಿಟ್ಟರು.

"ಇದು ನಿಮ್ಮ ಅಕ್ಷರಾನಾ ಅಮ್ಮ?"

"ಹೌದು."

"ತೂಕ ಜಾಸ್ತಿ ಆಗಿದೆ."

"ಆಗಿದೆ. ಕೂರಿಸಿದ ಮೇಲೆ ತೂಗಿದೆ."

"ಹಳೇ ತೂಕನೇ ಬರೆದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ."

"ಸುಳ್ಳು ತೂಕ ಬರೆಯೋಕೆ ಕೈ ಬರಲಿಲ್ಲ. ನಮ್ಮ ಕೆಲಸದಲ್ಲಿ ಅದೊಂದು ಮಾಡಿದ್ರೆ ಮುಗೀತು."

"ಕಾವಲುಗಾರನ್ನ ಅಮಾನತು ಮಾಡಿದಾರೆ."

ಆಕೆಯ ಕೈಯಲ್ಲಿದ್ದ ಚಿಮಟ ಕೆಳಗೆ ಬಿತ್ತು. ಆಮೇಲೆ ದೀಪ ಆರಿಸಿ, ಒಳಗಿನಿಂದ ಹತ್ತಿಯಲ್ಲಿ ಸುತ್ತಿದ ನೀಲಿ ಗಾಜಿನ ಹರಳು ತಂದು ಮೇಜಿನ ಮೇಲಿಟ್ಟರು. "ಅವನು ಬಡಪಾಯಿ. ಬೇಕಂತಲೇ ಬಿಸಿನೀರಿಗೆ ಕಳಿಸಿದ್ದೆ. ನಡೀರಿ, ನಾನೇ ಹೇಳ್ತೀನಿ."

ಠಾಣೆಯಲ್ಲಿ ಆಕೆ ಕೊಟ್ಟ ಹೇಳಿಕೆ ಚಿಕ್ಕದಾಗಿತ್ತು. ಜ್ವರದ ಕಾಲದಲ್ಲಿ ರಾಣಿ ಆಕೆಯ ಅಜ್ಜನನ್ನು ಗುಟ್ಟಾಗಿ ಕರೆಸಿ, ನೀಲವನ್ನು ಕಿತ್ತು ಮಾರಿ ಔಷಧಿ ತರಿಸು, ರಾಜನಿಗೆ ತಿಳಿಯದಂತೆ ಗಾಜು ಕೂರಿಸು ಎಂದಿದ್ದಳು. ಪರದೇಶದ ವ್ಯಾಪಾರಿ ಬರುವಷ್ಟರಲ್ಲಿ ರಾಣಿ ಸತ್ತಳು. ಅವಳ ಅಪ್ಪಣೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಇನ್ನು ಮಾರಿದರೆ ಕಳ್ಳ, ಹಿಂದಿರುಗಿಸಿದರೂ ಕಳ್ಳ. ಕಲ್ಲು ಅಜ್ಜ ಕೆಲಸಕ್ಕೆ ಬಳಸುತ್ತಿದ್ದ ಅರಗಿನ ಉಂಡೆಯೊಳಗೆ ಸೇರಿಕೊಂಡಿತು.

"ಇದಕ್ಕೆಲ್ಲ ಸಾಕ್ಷಿ?" ದಫೇದಾರರು ಬಿಡಲಿಲ್ಲ.

"ಎಂಬತ್ತೆಂಟು ವರ್ಷ ಆ ಕಲ್ಲು ನಮ್ಮ ಹತ್ರ ಇತ್ತು. ನಾವು ಬಾಡಿಗೆ ಮನೇಲೇ ಇದ್ವಿ. ಅದನ್ನೇ ಬರ್ಕೊಳ್ಳಿ."

ಅನುಮಾನಣ್ಣ ಮೊದಲ ಬಾರಿಗೆ ಮರುಪ್ರಶ್ನೆ ಕೇಳದೆ ಬರೆದುಕೊಂಡರು.

ಹನ್ನೆರಡು ಇಪ್ಪತ್ತಕ್ಕೆ ಬಂಧನ ದಾಖಲಾಯಿತು. ಅನುಮತಿಯಿಲ್ಲದೆ ಸಂರಕ್ಷಿತ ವಸ್ತುವಿನ ಭಾಗ ತೆಗೆದದ್ದು ಅಪರಾಧವೇ. ಕಳವಾದ ವಸ್ತು ಎಂಬಲ್ಲಿ ಇನ್ಸ್‌ಪೆಕ್ಟರ್ "ಗಾಜಿನ ಹರಳು, ಒಂದು" ಎಂದು ಬರೆದರು. ಮೂರು ಗಂಟೆಗೆ ಕಾವಲುಗಾರನ ಅಮಾನತು ರದ್ದಾಯಿತು. ಅವನು ಸಮವಸ್ತ್ರ ತೊಟ್ಟು ನೇರ ಠಾಣೆಗೆ ಬಂದು, ಆಕೆಗೆ ಜಾಮೀನು ನಿಲ್ಲುತ್ತೇನೆಂದು ಹೊರಗಿನ ಬೆಂಚಿನ ಮೇಲೆ ಕುಳಿತ.

ಸಹಿ ಹಾಕಿಸಿಕೊಳ್ಳುವಾಗ ಇನ್ಸ್‌ಪೆಕ್ಟರ್, ತನಿಖೆಗೆ ಬೇಕಿಲ್ಲದ ಪ್ರಶ್ನೆಯೊಂದನ್ನು ಕೇಳಿದರು. "ಹೆಸರು ಬರೀದೆ ಅಂಚೇಲಿ ಕಳಿಸಿದ್ರೆ ಆಗ್ತಿತ್ತಲ್ಲಮ್ಮ. ಈ ವಯಸ್ಸಲ್ಲಿ ಯಾಕೆ ಇದೆಲ್ಲ?"

"ಕಳಿಸಿದ್ರೆ ಬೇರೆ ಪೆಟ್ಟಿಗೇಲಿ ಚೀಟಿ ಅಂಟಿಸಿ ಇಡ್ತಿದ್ರು. ಕಿರೀಟದಲ್ಲಿ ಗಾಜೇ ಇರ್ತಿತ್ತು." ಆಕೆ ಪೆನ್ನನ್ನು ಮೇಜಿನ ಮೇಲಿಟ್ಟರು. "'ಆ ತಾಯಿ ನಾನು ಕೂರಿಸಿದ ಗಾಜು ಹೊತ್ಕೊಂಡು ಸಾಯೋಕೆ ಹೊರಟ್ಲು' ಅಂತ ಅಜ್ಜ ಕೊನೇವರೆಗೂ ಅಳ್ತಿದ್ದ. ಅವಳ ತಲೆ ಮೇಲಿಂದ ಅದನ್ನ ಇಳಿಸ್ಬೇಕಿತ್ತು ಸಾರ್, ಅಷ್ಟೇ."