ಮನುಷ್ಯರ ಚಿತ್ರ ಉಳಿಯುವುದಿಲ್ಲ

ಹೆಂಡತಿಯ ಚಿತ್ರ ಕಂಡಕಂಡವರ ಫೋನಿನಲ್ಲಿ ಓಡಾಡಿದ್ದನ್ನು ಮೈಲಾರಿ ಮರೆತಿರಲಿಲ್ಲ. ಜಗಳೂರಿನ ಕುರುಚಲು ಕಾಡಿನಲ್ಲಿ ಪ್ರಾಣಿಗಳನ್ನು ದಾಖಲಿಸಲು ಸಂಸ್ಥೆಯೊಂದು ಮರಗಳಿಗೆ ಕ್ಯಾಮೆರಾ ಕಟ್ಟಿಸಿತ್ತು. ಮೈಲಾರಿ ಅಲ್ಲಿ ಕಾವಲುಗಾರ. ಸೌದೆಗೆ ಹೋದ ಅಂಬಿಕಾ ಗಿಡದ ಮರೆಯಲ್ಲಿ ಸೀರೆ ಸರಿಮಾಡಿಕೊಳ್ಳುವಾಗ ಚಿತ್ರ ತೆಗೆದ ಕ್ಯಾಮೆರಾ ಅದನ್ನು ಸಂಸ್ಥೆಯವರ ಫೋನುಗಳಲ್ಲಿದ್ದ ಆ್ಯಪ್‌ಗೆ ಕಳಿಸಿತ್ತು. ಮೇಲ್ವಿಚಾರಕ ಪ್ರವೀಣ್ ಕುಮಾರ್ ಅದನ್ನು ನಾಲ್ಕು ಜನಕ್ಕೆ ಹಂಚಿ ನಕ್ಕಿದ್ದ. ಅಂದಿನಿಂದ ಅಂಬಿಕಾ ಸಂತೆಗೂ ಹೋಗುತ್ತಿರಲಿಲ್ಲ.

ಮೈಲಾರಿ ಜಗಳ ತೆಗೆದಾಗ ಬೆನ್ನಿಗೆ ನಿಂತವನು ಇನ್ನೊಬ್ಬ ಕಾವಲುಗಾರ ಹಾಲಸ್ವಾಮಿ ಮಾತ್ರ. "ನಮ್ ಹೆಣ್ಮಕ್ಳು ಕಾಡಿಗೆ ಹೋಗಾಕೇ ಬ್ಯಾಡ್ವೇನ್ರೀ?" ಎಂದು ಸಭೆಯಲ್ಲೇ ಕೇಳಿದ್ದ. ಕೊನೆಗೆ ಸಂಸ್ಥೆ ಮಣಿಯಿತು. ಮನುಷ್ಯರು ಕಂಡರೆ ಯಾರೂ ನೋಡುವ ಮೊದಲೇ ಆ್ಯಪ್ ತಾನೇ ಚಿತ್ರ ಅಳಿಸುವಂತಾಯಿತು. ಪ್ರಾಣಿಗಳ ಚಿತ್ರ ಮಾತ್ರ ಸಂಜೆ ಎಲ್ಲರ ಫೋನಿಗೂ ಬರುತ್ತಿತ್ತು. ಪ್ರವೀಣ್ ಕುಮಾರ್ ಕ್ಷಮೆ ಕೇಳಲಿಲ್ಲ. ಅವನ ಕುರ್ಚಿಯೂ ಅಲುಗಲಿಲ್ಲ.

ಆ ಸಿಟ್ಟು ಆರುವ ಮೊದಲೇ, ಕಾಡುಪ್ರಾಣಿಗಳನ್ನು ಕದ್ದು ಮಾರುವ ಸವಳಂಗದ ಬಂಗಾರಪ್ಪ ಗಂಟುಬಿದ್ದ. ಅವನಿಗೆ ಜೀವಂತ ಚಿಪ್ಪುಹಂದಿ ಬೇಕಿತ್ತು. ಹಾಲಸ್ವಾಮಿ ಕಾಯುವ ಕಾಡಿನಲ್ಲಿ ಒಂದಿತ್ತು. ಅದನ್ನು ದೊಡ್ಡವರಿಗೆ ತೋರಿಸಿ ಮೆರೆಯಲು ಪ್ರವೀಣ್ ಕುಮಾರ್ ತುದಿಗಾಲಲ್ಲಿ ನಿಂತಿದ್ದ; ಅದು ಮಾಯವಾದರೆ ಅವನಿಗೆ ಮುಖಭಂಗ. ಬಿಲ ಎಲ್ಲಿದೆಯೆಂಬುದನ್ನು ಆ್ಯಪ್ ಹೊರಗಿನವರಿಂದ ಮುಚ್ಚಿಟ್ಟಿತ್ತು, ಕಾವಲುಗಾರರಿಂದಲ್ಲ.

ಮೈಲಾರಿ ಎಲ್ಲವನ್ನೂ ಅಳೆದು ಸುರಿದು ನೋಡಿದ. ಬಿಲದ ಎದುರಿನ ಕ್ಯಾಮೆರಾ ಆರಿಸಿದರೆ ಅನುಮಾನ ಬರುತ್ತದೆ. ಆದರೆ ಆರಿಸುವ ಅಗತ್ಯವೇ ಇಲ್ಲ. ತನ್ನ ಚಿತ್ರ ಎಷ್ಟು ತೆಗೆದರೂ ಆ್ಯಪ್ ಒರೆಸಿಹಾಕುತ್ತದೆ. ಹೆಂಡತಿಯ ಮಾನ ಉಳಿಸಲೆಂದು ಹೋರಾಡಿ ಪಡೆದದ್ದು ಕಳ್ಳತನಕ್ಕೆ ಒದಗುತ್ತಿದೆಯಲ್ಲ ಎಂದು ನಾಚಿಕೆಯಾಯಿತು. ಹಾಲಸ್ವಾಮಿಯ ಕೆಲಸಕ್ಕೆ ಸಂಚಕಾರ ಬರುತ್ತದೆಂದೂ ಗೊತ್ತಿತ್ತು. ಆ ಯೋಚನೆ ಬಂದಾಗಲೆಲ್ಲ ಪ್ರವೀಣ್ ಕುಮಾರನ ನಗು ನೆನೆಸಿಕೊಂಡು ಮನಸ್ಸು ಗಟ್ಟಿಮಾಡಿಕೊಂಡ.

ಹಾಲಸ್ವಾಮಿ ಸಂತೇಬೆನ್ನೂರಿನ ನೆಂಟರ ಮನೆಗೆ ಹೋದ ದಿನ, ಮುಳ್ಳು ತರಚದಿರಲೆಂದು ಕರಿ ಕಂಬಳಿ ಹೊದ್ದು ಮೈಲಾರಿ ಹಾಡಹಗಲೇ ಬಿಲದ ಬಳಿ ಹೋದ. ಬಿಲದಲ್ಲಿ ಮಲಗಿದ್ದ ಪ್ರಾಣಿ ಚೆಂಡಿನಂತೆ ಸುತ್ತಿಕೊಂಡಿತು, ಕಚ್ಚಲೂ ಇಲ್ಲ. ಚೀಲಕ್ಕೆ ತುಂಬಿ ಬೆನ್ನಿಗೆ ಕಟ್ಟಿಕೊಂಡು ಏಳುವಾಗ ಭುಜ ತಗುಲಿ ಕ್ಯಾಮೆರಾ ವಾಲಿತು. ನೆಟ್ಟಗೆ ಮಾಡಿದ. ಕ್ಯಾಮೆರಾ ಮುಟ್ಟಿದಾಗಲೆಲ್ಲ ಅದು ಪ್ರಾಣಿಯ ಎತ್ತರಕ್ಕೆ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಕಾವಲುಗಾರರು ಮಾಡುವಂತೆ, ಅಭ್ಯಾಸಬಲದಿಂದ ಅದರ ಮುಂದೆ ಅಂಬೆಗಾಲಿಟ್ಟು ಹೋಗಿ, ಚಿತ್ರ ತೆಗೆಯುವಾಗಿನ ಕೆಂಪು ದೀಪ ಮಿನುಗಿದ್ದನ್ನು ನೋಡಿಕೊಂಡು ಹೊರಟ. ದಾರಿಯುದ್ದಕ್ಕೂ ಆ ಪ್ರಾಣಿಯ ಉಸಿರಾಟ ಬೆನ್ನಿಗೆ ತಾಗುತ್ತಿತ್ತು. ಬಂಗಾರಪ್ಪ ಬೈಕಿನಲ್ಲಿ ಬಂದು ಒಯ್ದ ಮೇಲೂ ಅದು ತಾಗುತ್ತಲೇ ಇತ್ತು.

ಸಂಜೆ ಚಹಾದಂಗಡಿಯಲ್ಲಿ ಹಾಲಸ್ವಾಮಿ ಸಿಕ್ಕ. ಖಾರಾ ಮಂಡಕ್ಕಿಯ ಪೊಟ್ಟಣ ಕೈಗಿತ್ತು, "ಅಂಬಿಕಾಗೆ ಕೊಡು. ಯಾಕೋ, ಮುಖ ಸಪ್ಪಗೈತಲ್ಲ?" ಎಂದ.

ಎಲ್ಲವನ್ನೂ ಹೇಳಿಬಿಡಲೇ ಎಂದು ಮೈಲಾರಿಗೆ ಅನಿಸಿತು. ಬಾಯಿ ತೆರೆಯುವಷ್ಟರಲ್ಲಿ ಇಬ್ಬರ ಫೋನುಗಳೂ ಒಟ್ಟಿಗೇ ಸದ್ದು ಮಾಡಿದವು.

"ನನ್ ಕಾಡಿಗೆ ಕರಡಿ ಬಂದೈತೆ ಕಣೋ," ಹಾಲಸ್ವಾಮಿ ಹಿಗ್ಗಿನಿಂದ ಓದಿದ. "ಬೆನ್ಮೇಲೆ ಮರಿ ಬೇರೆ ಐತಂತೆ. ತಡಿ, ಚಿತ್ರ ಬರ್ತೈತೆ."

ಎದ್ದು ನಿಂತವರನ್ನೆಲ್ಲ ಆ್ಯಪ್ ನಿಯತ್ತಾಗಿ ಅಳಿಸಿತ್ತು. ಕರಿ ಕಂಬಳಿ ಹೊದ್ದು, ಬೆನ್ನ ಮೇಲೊಂದು ಗಂಟು ಹೊತ್ತು, ನಾಲ್ಕು ಕಾಲಲ್ಲಿ ನಡೆದದ್ದನ್ನು ಮಾತ್ರ ಅದು ಮನುಷ್ಯನೆಂದುಕೊಳ್ಳಲಿಲ್ಲ. ಪ್ರವೀಣ್ ಕುಮಾರನಿಂದ ಹಿಡಿದು ಎಲ್ಲರ ಫೋನಿಗೂ ಕಳಿಸಿತ್ತು. ಚಿತ್ರ ದೊಡ್ಡದು ಮಾಡಿ ನೋಡಿದ ಹಾಲಸ್ವಾಮಿಯ ನಗು ನಿಂತಿತು. ಕೆಂಪು ದೀಪ ನೋಡಲೆಂದು ಮೈಲಾರಿ ಕಂಬಳಿಯೊಳಗಿಂದ ಮುಖವೆತ್ತಿದ್ದ.